ಸರ್ಕಾರಿ ದಾಖಲೆಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಡುಕುವ ಬಗೆ

ಮಲೆನಾಡಿನಲ್ಲಿ ಜಮೀನು, ಕಾಡು, ನೀರು ಈ ಮೂರರಲ್ಲಿ ಯಾವುದರ ತಕರಾರನ್ನು ಬಿಡಿಸುತ್ತ ಹೋದರೂ ಕೊನೆಗೆ ಒಂದು ಸರ್ಕಾರಿ ಕಾಗದ ಎದುರಾಗುತ್ತದೆ. ಈ ಬೆಟ್ಟ ಯಾವಾಗ ಮೀಸಲು ಅರಣ್ಯವಾಯಿತು, ಅಣೆಕಟ್ಟಿಗೆ ಯಾವ ಸರ್ವೆ ನಂಬರುಗಳು ಹೋದವು, ಮುಳುಗಡೆಯಿಂದ ಎದ್ದು ಬಂದವರಿಗೆ ಎಲ್ಲಿ ಜಾಗ ಕೊಡಬೇಕೆಂದು ಆದೇಶವಾಗಿತ್ತು ಎಂಬ ಪ್ರಶ್ನೆಗಳಿಗೆ ಊರಿನ ಹಿರಿಯರ ನೆನಪು ದಾರಿ ತೋರಿಸಬಹುದೇ ಹೊರತು ಪುರಾವೆಯಾಗಲಾರದು. ಕಾಗದ ಬೇಕೆಂದಾಗ ಎಲ್ಲರೂ ಮೊದಲು ಹೋಗುವುದು ತಾಲ್ಲೂಕು ಕಚೇರಿಗೆ. ಅಲ್ಲಿ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಸಿಕ್ಕರೆ ಹುಡುಕಾಟವನ್ನು ಕೈಬಿಡುವವರೇ ಹೆಚ್ಚು. ಆದರೆ ಇಂಥ ಕಾಗದಗಳಲ್ಲಿ ದೊಡ್ಡ ಪಾಲು ರಾಜ್ಯಪತ್ರದಲ್ಲೋ (ಅಂದರೆ ಸರ್ಕಾರದ ಗೆಜೆಟ್ಟಿನಲ್ಲೋ), ಜನಗಣತಿಯ ಕೈಪಿಡಿಯಲ್ಲೋ, ವಿಧಾನಸಭೆಯ ನಡವಳಿಯಲ್ಲೋ, ಆಯೋಗದ ವರದಿಯಲ್ಲೋ ಅಚ್ಚಾಗಿರುತ್ತದೆ. ಒಮ್ಮೆ ಅಚ್ಚಾದದ್ದು ಒಂದೇ ಕಚೇರಿಯ ಕಪಾಟಿಗೆ ಕಟ್ಟುಬಿದ್ದಿರುವುದಿಲ್ಲ. ಅದನ್ನು ಹುಡುಕಲು ಹತ್ತಿರದ ಜಾಗ ವಿಶ್ವವಿದ್ಯಾಲಯದ ಗ್ರಂಥಾಲಯ.

ಗ್ರಂಥಾಲಯದಲ್ಲಿ ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿದ್ದರೆ ಒಂದು ದಿನ ಉಳಿಯುತ್ತದೆ. ಪಹಣಿ, ಮ್ಯುಟೇಶನ್, ಆಕಾರಬಂದ್, ಟಿಪ್ಪಣಿ, ನೋಂದಾಯಿತ ಕ್ರಯಪತ್ರ ಇವು ವ್ಯಕ್ತಿಗೆ ಅಥವಾ ಜಮೀನಿಗೆ ಸೇರಿದ ಕಚೇರಿ ದಾಖಲೆಗಳು. ಇವುಗಳಿಗೆ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಭೂಮಾಪನ ಇಲಾಖೆ ಅಥವಾ ಉಪನೋಂದಣಿ ಕಚೇರಿಯೇ ಗತಿ. ಸರ್ಕಾರವು ಸಾರ್ವಜನಿಕರಿಗೆ ತಿಳಿಸಲೆಂದು ಅಚ್ಚು ಹಾಕಿಸಿದ್ದು ಮತ್ತು ಶಾಸನಸಭೆಯ ಮುಂದೆ ಮಂಡಿಸಿದ್ದು ಗ್ರಂಥಾಲಯದ ಪಾಲಿಗೆ ಬರುತ್ತದೆ.

ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ

ಗ್ರಂಥಾಲಯಕ್ಕೆ ಬಂದವರು ಸಾಮಾನ್ಯವಾಗಿ ವಿಷಯವನ್ನು ಹೇಳುತ್ತಾರೆ: ‘ಶರಾವತಿ ಮುಳುಗಡೆಯ ಬಗ್ಗೆ ಏನಾದರೂ ಇದೆಯೇ?’ ಹೀಗೆ ಕೇಳಿದರೆ ಕೈಗೆ ಬರುವುದು ಲೇಖಕರು ಬರೆದ ಪುಸ್ತಕಗಳು, ಸರ್ಕಾರಿ ದಾಖಲೆಯಲ್ಲ. ಕೇಳಬೇಕಾದದ್ದು ಬೇರೆ: ಈ ಸಂಗತಿಯನ್ನು ಬರೆದಿಡುವ ಹೊಣೆ ಯಾವ ಇಲಾಖೆಯದಾಗಿತ್ತು, ಯಾವ ಕಾನೂನಿನ ಪ್ರಕಾರ, ಯಾವ ವರ್ಷದಲ್ಲಿ? ಜಮೀನನ್ನು ಸ್ವಾಧೀನಪಡಿಸಿಕೊಂಡರೆ ಭೂಸ್ವಾಧೀನ ಕಾಯ್ದೆಯಂತೆ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಲೇಬೇಕು. ಊರಿನಲ್ಲಿ ಎಷ್ಟು ಮನೆಗಳಿದ್ದವು ಎಂಬುದನ್ನು ಜನಗಣತಿಯವರು ಬರೆದಿಟ್ಟಿರಲೇಬೇಕು. ಪರಿಹಾರದಲ್ಲಿ ಅನ್ಯಾಯವಾಗಿದ್ದರೆ ಯಾರಾದರೂ ಶಾಸಕರು ಸದನದಲ್ಲಿ ಅದನ್ನು ಎತ್ತಿರುವ ಸಂಭವವುಂಟು. ಹೀಗೆ ಒಂದು ವಿಷಯ ಮೂರು ಕಚೇರಿಗಳಾಗಿ, ಮೂರು ಬಗೆಯ ಪ್ರಕಟಣೆಗಳಾಗಿ ಒಡೆದುಕೊಂಡ ಮೇಲೆಯೇ ಹುಡುಕಾಟ ಶುರುವಾಗುತ್ತದೆ.

ಗ್ರಂಥಾಲಯದ ಸೂಚಿಯೂ ಇದೇ ಕ್ರಮದಲ್ಲಿ ಕಟ್ಟಿದ್ದು. ಸರ್ಕಾರಿ ಪ್ರಕಟಣೆಯೊಂದಕ್ಕೆ ವ್ಯಕ್ತಿಯ ಬದಲಾಗಿ ಸರ್ಕಾರವೇ ಕರ್ತೃ. ಆದ್ದರಿಂದ ಕರ್ತೃವಿನ ಜಾಗದಲ್ಲಿ ‘ಕರ್ನಾಟಕ’, ಅದರ ನಂತರ ಇಲಾಖೆಯ ಹೆಸರು, ಅಥವಾ ‘ಇಂಡಿಯಾ’ ಎಂದು ಬರೆದು ಮುಂದೆ ಸಚಿವಾಲಯದ ಹೆಸರು ಇರುತ್ತದೆ. 1973ರ ನವೆಂಬರ್ 1ಕ್ಕೆ ಮುಂಚಿನ ಪ್ರಕಟಣೆಗಳು ‘ಮೈಸೂರು’ ಎಂಬ ಹೆಸರಿನಡಿ ಸಿಗುತ್ತವೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಡ್ಯೂಯಿ ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯದಲ್ಲಿ ಸರ್ಕಾರಿ ಪ್ರಕಟಣೆಗಳೆಲ್ಲ ಒಂದೇ ಕಡೆ ಕೂತಿರುವುದಿಲ್ಲ: ಅಂಕಿಅಂಶಗಳು 315.4ರಲ್ಲಿ, ಶಾಸನಸಭೆಗೆ ಸಂಬಂಧಿಸಿದ್ದು 328ರಲ್ಲಿ, ಆಯವ್ಯಯ 336ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ ಹಂಚಿಹೋಗಿರುತ್ತವೆ. ಕಪಾಟಿನಿಂದ ಕಪಾಟಿಗೆ ಸುಮ್ಮನೆ ಅಲೆಯುವುದಕ್ಕಿಂತ ಆಕರ ಗ್ರಂಥ ವಿಭಾಗದ ಸಿಬ್ಬಂದಿಯನ್ನು ಕೇಳುವುದು ಲೇಸು, ಏಕೆಂದರೆ ಕಟ್ಟು ಹಾಕಿಸದೆ ಹಿಂದಿನ ಕೋಣೆಯಲ್ಲಿ ಇಟ್ಟಿರುವ ಹಳೆಯ ಸಂಪುಟಗಳ ವಿಷಯ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳವರಿಗೆ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯವೇ ಸಹಜವಾದ ಆಯ್ಕೆ. 1987ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ‘ಜ್ಞಾನ ಸಹ್ಯಾದ್ರಿ’ ಆವರಣವು ಶಿವಮೊಗ್ಗ ನಗರದಿಂದ ಸುಮಾರು 28 ಕಿ.ಮೀ. ದೂರದಲ್ಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಅಲ್ಲಿನ ವಿದ್ಯಾರ್ಥಿಯಲ್ಲದವರು ಗ್ರಂಥಪಾಲಕರ ಹೆಸರಿಗೆ ಒಂದು ವಿನಂತಿ ಪತ್ರವನ್ನೂ ಗುರುತಿನ ಚೀಟಿಯನ್ನೂ ಒಯ್ಯುವುದು ಕ್ಷೇಮ. ಯಾವ ಪ್ರಕಟಣೆ, ಯಾವ ವರ್ಷದ್ದು, ಯಾವ ಕಾರಣಕ್ಕೆ ಬೇಕು ಎಂಬುದು ಆ ಪತ್ರದಲ್ಲೇ ಇದ್ದರೆ ಒಳಗಿನ ಕೆಲಸ ಹಗುರವಾಗುತ್ತದೆ. ಕೃಷಿ ಗಣತಿ, ಜಾನುವಾರು ಗಣತಿ, ಅಡಿಕೆ ಬೆಳೆಗೆ ಸಂಬಂಧಿಸಿದ ಸಮಿತಿಗಳ ವರದಿಗಳಿಗಾದರೆ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೊದಲು ವಿಚಾರಿಸಬೇಕು.

ರಾಜ್ಯಪತ್ರ ಮತ್ತು ಸರ್ಕಾರದ ನಡವಳಿ

ನಿಯಮ, ಅಧಿಸೂಚನೆ, ಭೂಸ್ವಾಧೀನ, ಅರಣ್ಯ ಘೋಷಣೆ ಇವೆಲ್ಲ ಜನರ ಗಮನಕ್ಕೆ ಬಂದಂತೆ ಕಾನೂನು ಎಣಿಸುವುದು ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ. ಕರ್ನಾಟಕ ರಾಜ್ಯಪತ್ರದ ಸಾಮಾನ್ಯ ಸಂಚಿಕೆ ವಾರಕ್ಕೊಮ್ಮೆ ಬರುತ್ತದೆ, ತುರ್ತಿನವು ವಿಶೇಷ ಸಂಚಿಕೆಯಾಗಿ ಯಾವ ದಿನವಾದರೂ ಹೊರಡುತ್ತವೆ. ಈಚಿನ ಸಂಚಿಕೆಗಳು ರಾಜ್ಯದ ಇ-ರಾಜ್ಯಪತ್ರ ಜಾಲತಾಣದಲ್ಲೂ, ಕೇಂದ್ರದ್ದು ಇ-ಗೆಜೆಟ್ ಜಾಲತಾಣದಲ್ಲೂ ಸಿಗುತ್ತವೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 8ನೇ ಸೆಕ್ಷನ್ನಿನ ಪ್ರಕಾರ ವಿದ್ಯುನ್ಮಾನ ರಾಜ್ಯಪತ್ರದಲ್ಲಿ ಪ್ರಕಟವಾದದ್ದಕ್ಕೂ ಅಚ್ಚಾದದ್ದರಷ್ಟೇ ಮಾನ್ಯತೆಯಿದೆ. ಹಳೆಯ ವರ್ಷಗಳ ಮೈಸೂರು ಗೆಜೆಟ್ಟಿಗೆ ಮಾತ್ರ ಕಟ್ಟು ಹಾಕಿದ ಸಂಪುಟಗಳನ್ನೇ ತಿರುವಬೇಕು.

ಅರಣ್ಯದ ವಿಷಯದಲ್ಲಿ ಎರಡು ಅಧಿಸೂಚನೆಗಳನ್ನು ಬೇರೆಬೇರೆಯಾಗಿ ನೋಡಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನಡಿ ಹೊರಡುವುದು, ಈ ಜಾಗವನ್ನು ಮೀಸಲು ಅರಣ್ಯವಾಗಿ ಮಾಡುವ ಉದ್ದೇಶವಿದೆ ಎಂಬ ಮೊದಲ ಪ್ರಕಟಣೆ. ಜನರ ಹಕ್ಕುಗಳ ವಿಚಾರಣೆ ಮುಗಿದ ಮೇಲೆ 17ನೇ ಸೆಕ್ಷನ್ನಿನಡಿ ಹೊರಡುವುದು ಅಂತಿಮ ಘೋಷಣೆ. ನಮ್ಮಲ್ಲಿ ಎಷ್ಟೋ ಜಗಳಗಳು ಮೊದಲನೆಯದನ್ನು ಎರಡನೆಯದೆಂದು ತಿಳಿಯುವುದರಿಂದಲೇ ಹುಟ್ಟಿದವು. ಆದ್ದರಿಂದ ಯಾರಾದರೂ ಅಧಿಸೂಚನೆಯ ಸಂಖ್ಯೆ ಹೇಳಿದರೆ ಅದು ಯಾವ ಸೆಕ್ಷನ್ನಿನದು ಎಂದು ಮೊದಲು ಕೇಳಬೇಕು, ಅದರ ಕೆಳಗೆ ಕೊಟ್ಟಿರುವ ಎಲ್ಲೆಯ ವಿವರವನ್ನು ಪೂರ್ತಿ ಬರೆದುಕೊಳ್ಳಬೇಕು. 1963ಕ್ಕೆ ಮೊದಲಿನ ಘೋಷಣೆಯಾದರೆ ಅದು ಸಾಮಾನ್ಯವಾಗಿ 1900ರ ಮೈಸೂರು ಅರಣ್ಯ ರೆಗ್ಯುಲೇಶನ್ನಿನಡಿ ಆಗಿರುತ್ತದೆ.

ಕೇಂದ್ರದ ಅಧಿಸೂಚನೆಗಳಿಗೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡೇ ಒಳ್ಳೆಯ ಉದಾಹರಣೆ. 2011ರ ಗಾಡ್ಗೀಳ್ ವರದಿ ಮತ್ತು 2013ರ ಕಸ್ತೂರಿರಂಗನ್ ವರದಿಯ ಬೆನ್ನಿಗೆ ಮೊದಲ ಕರಡು 2014ರ ಮಾರ್ಚ್‌ನಲ್ಲಿ ಬಂತು. 2024ರ ಜುಲೈ 31ರದ್ದು ಆರನೆಯದು. ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಸೇರಿಸಿಕೊಂಡ ಈ ಕರಡಿನ ಅನುಬಂಧದಲ್ಲಿ ಜಿಲ್ಲೆ, ತಾಲ್ಲೂಕುವಾರು ಗ್ರಾಮಗಳ ಹೆಸರಿದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ತಮ್ಮ ಊರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಭಾಷಣಗಳಿಂದ ತಿಳಿಯಬೇಕಾಗಿಲ್ಲ. ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದ 60 ದಿನಗಳ ಅವಧಿಯೂ ಅದೇ ಕಾಗದದಲ್ಲಿ ಇತ್ತು. ಇಂಥವನ್ನು ಕೇಂದ್ರದ ರಾಜಪತ್ರದ ಭಾಗ 2, ಸೆಕ್ಷನ್ 3ರಲ್ಲಿ ಹುಡುಕಬೇಕು; ಎಸ್.ಒ. ಎಂದು ಶುರುವಾಗುವ ಸಂಖ್ಯೆಯಿದ್ದರೆ ಅದರ ಉಪವಿಭಾಗ (2), ಜಿ.ಎಸ್.ಆರ್. ಎಂದಿದ್ದರೆ ಉಪವಿಭಾಗ (1).

ರಾಜ್ಯ ಸರ್ಕಾರದ ಆದೇಶವನ್ನು ಓದುವುದಕ್ಕೂ ಒಂದು ಕ್ರಮವಿದೆ, ಅದನ್ನು ಕಲಿತರೆ ಒಂದು ಆದೇಶವೇ ಇನ್ನೈದನ್ನು ತೋರಿಸುತ್ತದೆ. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹದ ಕೆಳಗೆ ವಿಷಯ, ಅದರ ಕೆಳಗೆ ‘ಓದಲಾಗಿದೆ’ ಎಂಬ ಭಾಗ ಬರುತ್ತದೆ. ಬಹುಪಾಲು ಜನ ಇದನ್ನು ದಾಟಿ ನೇರವಾಗಿ ಆದೇಶದ ಪ್ಯಾರಾಕ್ಕೆ ಹೋಗುತ್ತಾರೆ. ಆದರೆ ಈ ಆದೇಶಕ್ಕೆ ಆಧಾರವಾದ ಹಿಂದಿನ ಆದೇಶಗಳು, ಜಿಲ್ಲಾಧಿಕಾರಿಯ ಪತ್ರಗಳು, ನ್ಯಾಯಾಲಯದ ತೀರ್ಪುಗಳು ಸಂಖ್ಯೆ ಮತ್ತು ದಿನಾಂಕದ ಸಮೇತ ಪಟ್ಟಿಯಾಗಿರುವುದು ಅಲ್ಲಿಯೇ. ನಂತರದ ‘ಪ್ರಸ್ತಾವನೆ’ಯಲ್ಲಿ ವಿಷಯದ ಹಿನ್ನೆಲೆ ಇರುತ್ತದೆ. ಆದೇಶ ಸಂಖ್ಯೆಯ ಮೊದಲ ಅಕ್ಷರಗಳು ಇಲಾಖೆಯನ್ನು ಸೂಚಿಸುತ್ತವೆ: ‘ಕಂಇ’ ಎಂದರೆ ಕಂದಾಯ ಇಲಾಖೆ, ‘ಅಪಜೀ’ ಎಂದರೆ ಅರಣ್ಯ, ಪರಿಸರ ಮತ್ತು ಜೀವಿಶಾಸ್ತ್ರ ಇಲಾಖೆ. ಆಮೇಲೆ ಕಡತದ ಸಂಖ್ಯೆ, ಶಾಖೆಯ ಸಂಕೇತ, ವರ್ಷ ಬರುತ್ತವೆ. ಆ ವರ್ಷ ಕಡತ ಹುಟ್ಟಿದ ವರ್ಷವಾದ್ದರಿಂದ ಆದೇಶ ಅದಕ್ಕಿಂತ ಎರಡು ಮೂರು ವರ್ಷ ತಡವಾಗಿ ಹೊರಟಿರಬಹುದು. ರಾಜ್ಯಪತ್ರದಲ್ಲಿ ಹುಡುಕುವಾಗ ದಿನಾಂಕವನ್ನೇ ನೆಚ್ಚಿಕೊಳ್ಳಬೇಕು. ಕೊನೆಯಲ್ಲಿ ಪ್ರತಿಗಳು ಯಾರುಯಾರಿಗೆ ಹೋಗಿವೆ ಎಂಬ ಪಟ್ಟಿಯಿರುತ್ತದೆ. ರಾಜ್ಯಪತ್ರದ ಸಂಕಲನಕಾರರ ಹೆಸರು ಅದರಲ್ಲಿದ್ದರೆ ಅಚ್ಚಿಗೆ ಕಳಿಸಿದ್ದಾರೆಂದು ತಿಳಿಯಬಹುದು. ಉಪವಿಭಾಗಾಧಿಕಾರಿ, ತಹಸೀಲ್ದಾರರ ಹೆಸರಿದ್ದರೆ ಆ ಕಚೇರಿಗಳಿಗೂ ಒಂದೊಂದು ಪ್ರತಿ ಹೋಗಿದೆಯೆಂದು ಅರ್ಥ. ಬೆಂಗಳೂರಿನಲ್ಲಿ ಕಳೆದುಹೋಯಿತೆನ್ನುವ ಕಾಗದ ಸಾಗರದಲ್ಲಿ ಸಿಗುವುದು ಹೀಗೆಯೇ.

ಜನಗಣತಿಯ ಕೈಪಿಡಿಗಳು

ಊರಿನ ಮಟ್ಟದ ಅಂಕಿಅಂಶ ಬೇಕಾದವರಿಗೆ ಜಿಲ್ಲಾ ಜನಗಣತಿ ಕೈಪಿಡಿಯಷ್ಟು ಉಪಯುಕ್ತವಾದ ಪ್ರಕಟಣೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1951ರ ಗಣತಿಯಿಂದ ಈ ಮಾಲೆ ಬರುತ್ತಿದೆ. 2011ರ ಕೈಪಿಡಿಯ ‘ಎ’ ಭಾಗದಲ್ಲಿ ಪ್ರತಿ ಗ್ರಾಮದ ವಿಸ್ತೀರ್ಣ, ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ, ಭೂಬಳಕೆಯ ವಿವರಗಳಿವೆ. ‘ಬಿ’ ಭಾಗದಲ್ಲಿ ಮನೆಗಳು, ಜನಸಂಖ್ಯೆ, ಸಾಕ್ಷರತೆ, ದುಡಿಮೆಯ ವಿವರಗಳಿವೆ. ಈ ಗಣತಿಯಂತೆ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ 17,52,753. 2001ರಲ್ಲಿ ಅದು 16,42,545 ಇತ್ತು.

ಬೇರೆಬೇರೆ ದಶಕಗಳನ್ನು ಹೋಲಿಸುವಾಗ ಎಚ್ಚರ ಬೇಕು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು 1997ರಲ್ಲಿ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿದವು. ಇದನ್ನು ಗಮನಿಸದೆ 1991ರ ಕೈಪಿಡಿಯ ಮೊತ್ತವನ್ನು 2001ರದ್ದರ ಪಕ್ಕದಲ್ಲಿ ಇಟ್ಟರೆ ಜಿಲ್ಲೆಯ ಜನಸಂಖ್ಯೆ ಕುಸಿದುಹೋದಂತೆ ಕಾಣುತ್ತದೆ. ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಲಿಸಿದರೆ ಈ ತೊಡಕು ಬಹುಮಟ್ಟಿಗೆ ಇರುವುದಿಲ್ಲ. ಹೆಸರುಗಳದ್ದೂ ಇದೇ ಪಾಡು: ಹಳೆಯ ಸಂಪುಟಗಳಲ್ಲಿ ಹೊಸನಗರ ಭಾಗವು ‘ನಗರ’ ತಾಲ್ಲೂಕಾಗಿಯೂ, ಚಿಕ್ಕಮಗಳೂರು ಜಿಲ್ಲೆಯು ‘ಕಡೂರು’ ಜಿಲ್ಲೆಯಾಗಿಯೂ, ಭದ್ರಾವತಿಯು ‘ಬೆಂಕಿಪುರ’ವಾಗಿಯೂ ಇವೆ. ಇಂಗ್ಲಿಷಿನಲ್ಲಿ ಹುಡುಕುವವರು ‘ಶಿಮೊಗ’ ಎಂದೂ ‘ಶಿವಮೊಗ್ಗ’ ಎಂದೂ ಎರಡು ಬಾರಿ ಹುಡುಕಬೇಕು, ಏಕೆಂದರೆ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು.

ಮಲೆನಾಡಿನವರಿಗೆ ಇನ್ನೊಂದು ತೊಡಕಿದೆ. ಗಣತಿಯ ಲೆಕ್ಕದಲ್ಲಿ ಗ್ರಾಮವೆಂದರೆ ಕಂದಾಯ ಗ್ರಾಮ. ಬಯಲುಸೀಮೆಯಂತೆ ಮನೆಗಳು ಒತ್ತಾಗಿ ಕೂಡಿರದೆ ತೋಟಕ್ಕೊಂದು, ದಿಣ್ಣೆಗೊಂದು ಎಂಬಂತೆ ಚದುರಿರುವ ನಮ್ಮ ಕಡೆ ಜನ ಹೇಳುವ ಊರಿನ ಹೆಸರು ಎಷ್ಟೋ ಸಲ ಒಂದು ಕೇರಿಯದೋ ಮಜರೆಯದೋ ಆಗಿದ್ದು, ಪಟ್ಟಿಯಲ್ಲಿ ಅದು ಸಿಗುವುದೇ ಇಲ್ಲ. ಪಹಣಿಯ ಮೇಲ್ಭಾಗದಲ್ಲಿ ಗ್ರಾಮದ ಹೆಸರೆಂದು ಬರೆದಿರುವುದನ್ನು ನೋಡಿಕೊಂಡು ಹೋದರೆ ಈ ಗೊಂದಲವಿರದು. ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳೂ ಪಟ್ಟಿಯಲ್ಲಿ ತಮ್ಮ ಸ್ಥಾನವನ್ನು ಉಳಿಸಿಕೊಂಡಿರುತ್ತವೆ ಎಂಬುದು ಸಂಶೋಧಕರಿಗೆ ಅನುಕೂಲವೇ ಆಗಿದೆ.

ಶರಾವತಿ ಕಣಿವೆಯ ಊರೊಂದರ ಚರಿತ್ರೆ ಬರೆಯುವವರನ್ನೇ ತೆಗೆದುಕೊಳ್ಳೋಣ. ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ, ಲಿಂಗನಮಕ್ಕಿ 1964ರಲ್ಲಿ ಮುಗಿದವು. ಆದ್ದರಿಂದ ಸಾಗರ ತಾಲ್ಲೂಕಿನ ಕರೂರು ಅಥವಾ ಬಾರಂಗಿ ಹೋಬಳಿಯ ಗ್ರಾಮಕ್ಕೆ 1961ರ ಕೈಪಿಡಿಯು ದೊಡ್ಡ ಮುಳುಗಡೆಗೆ ಮುಂಚಿನ ಕೊನೆಯ ಚಿತ್ರ, 1971ರದ್ದು ಆಮೇಲಿನ ಮೊದಲ ಚಿತ್ರ. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟುಕೊಂಡು ಗ್ರಾಮದ ವಿಸ್ತೀರ್ಣ, ಮನೆ, ಜನಸಂಖ್ಯೆಯ ಅಂಕಣಗಳನ್ನು ಸಾಲುಸಾಲಾಗಿ ಬರೆದುಕೊಳ್ಳಬೇಕು. ವ್ಯತ್ಯಾಸ ಕಂಡ ಗ್ರಾಮಗಳ ಹೆಸರು ಹಿಡಿದು 1950ರ ದಶಕದ ಕೊನೆ ಮತ್ತು 60ರ ದಶಕದ ಆರಂಭದ ಮೈಸೂರು ಗೆಜೆಟ್ಟಿನ ಭೂಸ್ವಾಧೀನ ಅಧಿಸೂಚನೆಗಳಿಗೆ ಹೋದರೆ ಸರ್ವೆ ನಂಬರು, ಎಕರೆ-ಗುಂಟೆಯ ವಿವರ ಸಿಗುತ್ತದೆ. ಹೀಗಲ್ಲದೆ ಗೆಜೆಟ್ಟಿನಿಂದಲೇ ಆರಂಭಿಸಿದರೆ ವರ್ಷಗಟ್ಟಲೆಯ ಸಂಪುಟಗಳಲ್ಲಿ ದಾರಿ ತಪ್ಪುವುದು ಖಂಡಿತ.

ಇನ್ನೂ ಹಿಂದಿನ ಗಣತಿಗಳಲ್ಲಿ ಅಂಕಿಗಳಷ್ಟೇ ಅಲ್ಲ, ವರದಿಯ ಭಾಗವೂ ಓದತಕ್ಕದ್ದು. ಮಲೇರಿಯಾದಿಂದ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿದ್ದುದು ಮೈಸೂರು ಸಂಸ್ಥಾನದ ಅಧಿಕಾರಿಗಳಿಗೆ ಎಂಥ ಚಿಂತೆಯಾಗಿತ್ತು ಎಂಬುದು ಅಲ್ಲಿ ಕಾಣಸಿಗುತ್ತದೆ.

ಸದನದ ಪ್ರಶ್ನೋತ್ತರ

ವಿಧಾನಸಭೆಯ ನಡವಳಿಗಳನ್ನು ರಾಜಕೀಯದವರ ಮಾತಿನ ದಾಖಲೆಯೆಂದು ಬದಿಗಿಡುವುದು ತಪ್ಪು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸುತ್ತಾರೆ, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಎರಡಕ್ಕೂ ಅನುಬಂಧಗಳಿರುತ್ತವೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬಗರ್ ಹುಕುಂ ಅರ್ಜಿಗಳು ಎಷ್ಟು ಬಾಕಿಯಿವೆ, ಇಂಥ ಹೋಬಳಿಯಲ್ಲಿ ಎಷ್ಟು ಕಾಲುಸಂಕಗಳಾದವು ಎಂಬಂಥ ವಿವರ ಬೇರಾವ ಪ್ರಕಟಣೆಯಲ್ಲೂ ಇಷ್ಟು ಬಿಡಿಯಾಗಿ ಸಿಗುವುದು ಅಪರೂಪ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಬಗ್ಗೆ, ಅಂದರೆ ಗೇಣಿದಾರರು ತಾವು ಉಳುವ ಜಮೀನಿನ ಹಕ್ಕಿಗಾಗಿ ‘ಡಿಕ್ಲರೇಷನ್’ ಕೊಟ್ಟ ಕಾಲದ ಬಗ್ಗೆ, ಬರೆಯುವವರು ಕಾಯ್ದೆಯ ಪಠ್ಯದ ಜೊತೆಗೆ ಆ ಚರ್ಚೆಯನ್ನೂ ಓದಬೇಕು. ಒಂದು ಕಲಮು ಯಾಕೆ ಹಾಗೆ ಬಂತು ಎಂಬುದಕ್ಕೆ ಉತ್ತರ ಇರುವುದು ಅಲ್ಲಿ. ಸಂಸ್ಥಾನದ ಕಾಲಕ್ಕೆ ಹೋದರೆ 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳಿವೆ. ಮಹಾಲೇಖಪಾಲರ ಲೆಕ್ಕಪರಿಶೋಧನಾ ವರದಿಗಳೂ ಸದನದ ಮುಂದೆ ಬರುವುದರಿಂದ, ಯೋಜನೆಯೊಂದಕ್ಕೆ ಹಣ ಹೇಗೆ ಖರ್ಚಾಯಿತು ಎಂಬುದನ್ನು ಇಲಾಖೆಯ ವಾರ್ಷಿಕ ವರದಿಯಿಂದ ತಿಳಿಯುವ ಬದಲು ಇವುಗಳಿಂದ ತಿಳಿಯುವುದು ಮೇಲು.

ಇತಿಹಾಸದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ಶಿವಮೊಗ್ಗ ಜಿಲ್ಲೆಯವು. ಏಳನೆಯದು ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳಿಗೆ, ಎಂಟನೆಯದು ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಮೀಸಲು. ಶಾಸನವನ್ನು ತಾಲ್ಲೂಕು ಮತ್ತು ಸಂಖ್ಯೆಯಿಂದ ಗುರುತಿಸುವುದು ರೂಢಿ: ತಾಳಗುಂದದ ಸ್ತಂಭಶಾಸನ ಶಿಕಾರಿಪುರ 176. ಇವೂ ಸರ್ಕಾರದ ಪ್ರಕಟಣೆಗಳೇ. ಹಸ್ತಪ್ರತಿ ಮತ್ತು ತಾಡವೋಲೆಗಳಿಗೆ ಕುವೆಂಪು ವಿಶ್ವವಿದ್ಯಾಲಯದ್ದೇ ಆದ ಕೆಳದಿಯ ವಸ್ತು ಸಂಗ್ರಹಾಲಯವನ್ನು ನೋಡಬೇಕು.

ಗ್ರಂಥಾಲಯದಲ್ಲಿ ಇಲ್ಲದಿದ್ದರೆ

ಬೇಕಾದ ಸಂಪುಟ ಕಪಾಟಿನಲ್ಲಿ ಇಲ್ಲವೆಂದ ಮಾತ್ರಕ್ಕೆ ಗ್ರಂಥಾಲಯದ ಕೆಲಸ ಮುಗಿಯುವುದಿಲ್ಲ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಶೋಧಗಂಗಾ ಎಂಬ ಪ್ರಬಂಧ ಭಂಡಾರದಲ್ಲಿ ನಿಮ್ಮ ವಿಷಯಕ್ಕೆ ಹತ್ತಿರವಾದ ಪಿಎಚ್.ಡಿ. ಪ್ರಬಂಧವೊಂದನ್ನು ತೆರೆದು ಅದರ ಆಕರಸೂಚಿಯಲ್ಲಿ ‘ಸರ್ಕಾರಿ ಪ್ರಕಟಣೆಗಳು’ ಎಂಬ ಭಾಗವನ್ನು ನೋಡಿದರೆ ಯಾವ ವರದಿ ಅಸ್ತಿತ್ವದಲ್ಲಿದೆ, ಅದರ ಪೂರ್ಣ ಹೆಸರೇನು ಎಂಬುದು ತಿಳಿಯುತ್ತದೆ. ಪೂರ್ಣ ಹೆಸರು ಸಿಕ್ಕ ಮೇಲೆ ಅದೇ ಸಂಸ್ಥೆಯ ಇಂಡ್‌ಕ್ಯಾಟ್ ಸೂಚಿಯಲ್ಲಿ ಅದು ಬೇರೆ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ಗ್ರಂಥಪಾಲಕರು ನೋಡಿ ಹೇಳಬಲ್ಲರು. ಪುಣೆಯ ಗೋಖಲೆ ಸಂಸ್ಥೆಯ ಗ್ರಂಥಾಲಯವು ಹಳೆಯ ಸರ್ಕಾರಿ ವರದಿಗಳನ್ನು ಸ್ಕ್ಯಾನ್ ಮಾಡಿ ಅಂತರಜಾಲದಲ್ಲಿ ಇಟ್ಟಿದೆ. ಅಚ್ಚಾಗದ ಹಳೆಯ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಅಥವಾ ಅದರ ಮೈಸೂರಿನ ವಿಭಾಗೀಯ ಕಚೇರಿಗೆ ಹೋಗಬೇಕು.

ಕನ್ನಡದ ಪಿಡಿಎಫ್‌ಗಳ ಒಳಗೆ ಪದ ಹಾಕಿ ಹುಡುಕಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದವು ಯೂನಿಕೋಡ್ ಅಲ್ಲ, ಸ್ಕ್ಯಾನ್ ಮಾಡಿದವು ಬರಿಯ ಚಿತ್ರಗಳು. ಪದ ಸಿಗಲಿಲ್ಲವೆಂದರೆ ದಾಖಲೆಯಲ್ಲಿ ಆ ವಿಷಯವಿಲ್ಲವೆಂದು ಅರ್ಥವಲ್ಲ. ದಿನಾಂಕ ಹಿಡಿದು ಸಂಚಿಕೆಯನ್ನು ತೆರೆದು ಪುಟಪುಟವನ್ನೂ ಕಣ್ಣಿನಿಂದಲೇ ನೋಡಬೇಕು.

ಪ್ರತಿ ತೆಗೆಸುವಾಗ ಬೇಕಾದ ಪುಟದ ಜೊತೆಗೆ ಸಂಪುಟದ ಮುಖಪುಟವನ್ನೂ ಸಂಚಿಕೆಯ ದಿನಾಂಕವಿರುವ ಪುಟವನ್ನೂ ತಪ್ಪದೆ ಜೆರಾಕ್ಸ್ ಮಾಡಿಸಬೇಕು. ರಾಜ್ಯಪತ್ರದ ವಿಷಯ, ಸದನದಲ್ಲಿ ಮಂಡಿಸಿದ ಸಮಿತಿ ವರದಿ ಮುಂತಾದವನ್ನು ಪ್ರತಿ ಮಾಡಿಕೊಳ್ಳಲು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ನೂರು ವರ್ಷದ ಹಳೆಯ ಸಂಪುಟವನ್ನು ಯಂತ್ರದ ಮೇಲೆ ಒತ್ತಿ ಹಿಡಿಯುವುದಕ್ಕಿಂತ ಅನುಮತಿ ಪಡೆದು ಫೋಟೋ ತೆಗೆಯುವುದು ಪುಸ್ತಕಕ್ಕೆ ಒಳ್ಳೆಯದು. ಗ್ರಂಥಾಲಯದ ಪ್ರತಿ ದೃಢೀಕೃತ ನಕಲಲ್ಲ ಎಂಬುದನ್ನು ಮರೆಯಬಾರದು. ನ್ಯಾಯಾಲಯಕ್ಕೋ ಭೂ ನ್ಯಾಯಮಂಡಳಿಗೋ ಹಾಜರುಪಡಿಸಲು ಬೇಕಾದರೆ ಸಂಬಂಧಪಟ್ಟ ಕಚೇರಿಯಿಂದ ದೃಢೀಕೃತ ನಕಲನ್ನೇ ಪಡೆಯಬೇಕು.

ಆ ನಕಲನ್ನು ಕೇಳುವ ಹಂತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಉಪಯೋಗಕ್ಕೆ ಬರುತ್ತದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು. ‘ನಮ್ಮ ಊರಿನ ಅರಣ್ಯಕ್ಕೆ ಸಂಬಂಧಿಸಿದ ಎಲ್ಲ ದಾಖಲೆಗಳು’ ಎಂದು ಬರೆದ ಅರ್ಜಿಯನ್ನು ಅಸ್ಪಷ್ಟವೆಂದು ತಳ್ಳುವುದು ಸುಲಭ. ಗ್ರಂಥಾಲಯದಲ್ಲಿ ಕಂಡ ಅಧಿಸೂಚನೆಯ ಸಂಖ್ಯೆ, ಸೆಕ್ಷನ್, ರಾಜ್ಯಪತ್ರದ ದಿನಾಂಕ ಮತ್ತು ಪುಟವನ್ನು ಬರೆದು, ಅದರ ದೃಢೀಕೃತ ನಕಲನ್ನೂ ಅದಕ್ಕೆ ಸೇರಿದ ನಕ್ಷೆಯನ್ನೂ ಕೊಡಬೇಕೆಂದು ಕೇಳಿ, ರಾಜ್ಯಪತ್ರದ ಪುಟದ ಜೆರಾಕ್ಸನ್ನು ಅರ್ಜಿಯ ಜೊತೆಗೆ ಲಗತ್ತಿಸಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ‘ಲಭ್ಯವಿಲ್ಲ’ ಎಂದು ಬಂದರೆ, ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಆಮೇಲೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಅದೇ ಪುಟದ ಪ್ರತಿಯೊಂದಿಗೆ ಹೋಗಬಹುದು.